ಬಳೆಪೆಟ್ಟಿಗೆಯ ಹುಲ್ಲು

ಮಾನ್ವಿ
೧೯-೨-೧೯೮೪, ಐತವಾರ

ಈ ಲಕೋಟೆಯನ್ನು ಒಡೆದವರು ಯಾರೇ ಆಗಿರಲಿ, ಮೊದಲು ನನ್ನ ಮಾತು ಕೇಳಿ. ಮೇಲೆ ವಿಳಾಸದಲ್ಲಿ ‘ಕುಮಾರಿ ಅನ್ವರಿ ಬೇಗಂ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಅನ್ವರಿ ಅಲ್ಲದಿದ್ದರೆ ಹಾಸ್ಟೆಲಿನ ವಾರ್ಡನ್ ಬಾಯಿಯೇ ಇರಬೇಕು. ಹೆಣ್ಣುಮಕ್ಕಳಿಗೆ ಬಂದ ಕಾಗದವನ್ನು ಒಡೆದು ಓದಿಯೇ ಕೈಗೆ ಕೊಡುತ್ತೀರಂತೆ, ಹುಡುಗಿ ಹೇಳಿದ್ದಾಳೆ. ಓದಿ, ನನಗೇನು ಹೆದರಿಕೆ? ಇದರಲ್ಲಿ ಯಾವ ಗಂಡಸಿನ ಸುದ್ದಿಯೂ ಇಲ್ಲ. ಒಂದು ಮೊಲದ ಸುದ್ದಿ ಇದೆ, ಅದರ ಹೊಟ್ಟೆಯ ಸುದ್ದಿ ಇದೆ, ಅದು ಹಾಕುವ ಹಿಕ್ಕೆಯ ಸುದ್ದಿ ಇದೆ. ಊಟಕ್ಕೆ ಮುಂಚೆ ಮಾತ್ರ ಓದಬೇಡಿ. ಓದಿ ಆದ ಮೇಲೆ ಅನ್ನದ ಅಗುಳು ಹಚ್ಚಿ ಮತ್ತೆ ಅಂಟಿಸುವ ಕಷ್ಟವೂ ಬೇಡ. ಇವತ್ತೇ ಅವಳ ಕೈಗೆ ಕೊಡಿ. ಕಳೆದ ಸಲ ನನ್ನ ಕಾಗದ ಐದು ದಿನ ನಿಮ್ಮ ಮೇಜಿನ ಮೇಲೆ ನಿದ್ದೆ ಮಾಡಿತ್ತು.

ಪ್ರೀತಿಯ ಅನ್ವರೀ, ನನ್ನ ಕಣ್ಣಿನ ಬೊಂಬೆಯೇ, ನಿನಗೆ ನಿನ್ನ ದಾದಿಯ, ನಿನ್ನ ಅಪ್ಪನನ್ನು ಹೆತ್ತ ಈ ಮುದುಕಿಯ, ದುವಾ. ನಿನ್ನ ಮೈ ಹೇಗಿದೆ? ಕೆಮ್ಮು ನಿಂತಿತೋ ಇಲ್ಲವೋ? ರಾತ್ರಿ ಅನ್ನ, ಬೆಳಿಗ್ಗೆ ಅದೇ ಅನ್ನಕ್ಕೆ ಅರಿಶಿನ ಬಳಿದು ಚಿತ್ರಾನ್ನ ಎಂದು ಬರೆದಿದ್ದೆಯಲ್ಲ, ಆ ಕಾಗದ ಓದಿದ ದಿನ ನನಗೂ ಊಟ ಇಳಿಯಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ ನಿನ್ನದು. ಕಟಿ ರೊಟ್ಟಿ ಮಾಡಿ ಇಟ್ಟಿದ್ದೇನೆ, ದೇವದುರ್ಗದ ಕಡೆಗೆ ಯಾರಾದರೂ ಹೊರಟರೆ ಕಳಿಸುತ್ತೇನೆ. ಇಲ್ಲಿ ನಿನ್ನ ಅಪ್ಪ ಅಲ್ಲಾಬಕ್ಷ್ ಚೆನ್ನಾಗಿದ್ದಾನೆ, ಅವನ ಟಾಂಗಾ ಚೆನ್ನಾಗಿದೆ, ಕುದುರೆ ಅವರಿಬ್ಬರಿಗಿಂತ ಚೆನ್ನಾಗಿದೆ. ನಿನ್ನ ತಾಯಿ ಅಕ್ಬರಿಗೆ ಮೊಣಕಾಲು ನೋವಂತೆ, ಆದರೆ ಪಕ್ಕದ ಮನೆಯಲ್ಲಿ ಮಾತು ಶುರುವಾದರೆ ಅದೇ ಮೊಣಕಾಲು ಓಡುತ್ತದೆ. ನಾನು ಚೆನ್ನಾಗಿದ್ದೇನೆ. ನನಗೆ ಬುದ್ಧಿ ತಪ್ಪಿದೆ ಎಂದು ರಾಯಚೂರಿನಿಂದ ಯಾರಾದರೂ ನಿನಗೆ ಬರೆದಿದ್ದರೆ ಅದು ಸುಳ್ಳು.

ನಿನ್ನ ಕಾಗದ ಮುಟ್ಟಿತು. ಎರಡು ಸಲ ಓದಿದೆ, ಮೊದಲ ಸಲ ಕನ್ನಡಕದಲ್ಲಿ, ಎರಡನೆಯ ಸಲ ಸಿಟ್ಟಿನಲ್ಲಿ. ‘ದಾದಿ, ನೀವು ಬತ್ತಾಸುವಿಗೆ ಬಳೆಪೆಟ್ಟಿಗೆಯ ಹುಲ್ಲು ತಿನ್ನಿಸಿದಿರಂತೆ, ಬುರ್ಹಾನ್ ಚಾಚಾ ಬರೆದಿದ್ದಾರೆ. ದಯವಿಟ್ಟು ಅದನ್ನು ಅವರ ಜೊತೆ ರಾಯಚೂರಿಗೆ ಕಳಿಸಿಕೊಡಿ. ತಿಳಿದವರ ಹತ್ತಿರ ಇರಲಿ.’ ಇಷ್ಟೇ ಬರೆದಿದ್ದೀಯ. ಇಷ್ಟರಲ್ಲಿ ಎಷ್ಟು ಮುಳ್ಳು! ನಾನು ಯಾವಾಗಿನಿಂದ ನಿನಗೆ ‘ನೀವು’ ಆದೆ? ಹಾಸ್ಟೆಲಿನಲ್ಲಿ ಮರ್ಯಾದೆ ಕಲಿಸಿ ಪ್ರೀತಿ ಕಸಿದುಕೊಂಡರೇನು? ಮತ್ತೆ ಈ ‘ತಿಳಿದವರು’ ಯಾರು? ನಿನ್ನ ಚಾಚಾ ಬುರ್ಹಾನುದ್ದೀನ್ ನನ್ನ ಕಿರಿಯ ಮಗ. ರಾಯಚೂರಿನ ಟಾಂಗಾ ನಿಲ್ದಾಣದ ಹತ್ತಿರ ಮೇವಿನ ಅಂಗಡಿ ಇಟ್ಟಿದ್ದಾನೆ, ಬೋರ್ಡು ಬರೆಸಿದ್ದಾನೆ, ಎಲ್ಲ ಸರಿ. ಆದರೆ ಹುಲ್ಲು ಯಾವುದು, ಕಸ ಯಾವುದು ಎಂದು ಅವನಿಗೆ ತೋರಿಸಿಕೊಟ್ಟವಳು ಯಾರು? ನನ್ನ ತವರು ಚೀಕಲಪರ್ವಿಯ ಕಟ್ಟೆಯ ಮೇಲೆ ಉಸುಕಿನಲ್ಲಿ ಅಕ್ಷರ ತಿದ್ದಿ ಎರಡನೆಯ ಜಮಾತಿಗೇ ಸಾಲೆ ಬಿಟ್ಟವಳು ನಾನು, ನಿಜ. ಬಿಟ್ಟದ್ದು ಯಾಕೆ? ಹೊಳೆದಂಡೆಗೆ ಹೋಗಿ ಹುಲ್ಲು ಕೊಯ್ಯಲು. ಹಾಗಾದರೆ ಹುಲ್ಲಿನ ವಿಷಯದಲ್ಲಿ ಓದಿದವಳು ನಾನಾಗಲಿಲ್ಲವೇ?

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ತಪ್ಪನ್ನೂ ಬರೆಯುತ್ತೇನೆ. ಅದನ್ನು ನಿನ್ನ ಚಾಚಾ ಬರೆದಿರಲಾರ, ಯಾಕೆಂದರೆ ಅದರಲ್ಲಿ ಅರ್ಧ ಅವನದು.

ಹೋದ ಮಳೆಗಾಲದಲ್ಲಿ ನೀನು ಮೇಷ್ಟರ ತರಬೇತಿಗೆಂದು ಬಸ್ಸು ಹತ್ತುವಾಗ ಆ ಬಿಳಿ ಮೊಲವನ್ನು ನನ್ನ ಮಡಿಲಿಗೆ ಹಾಕಿ, “ದಾದಿ, ಬತ್ತಾಸು ನನ್ನ ಅಮಾನತ್. ನಾ ಬರೂತನ ನಿನ್ನ ಕೈಯಾಗ ಇರ್ಲಿ” ಎಂದೆ. ಆಗ ‘ನಿನ್ನ ಕೈ’ ಎಂದಿದ್ದೆ, ನೆನಪಿರಲಿ. ನಂಬಿ ಇಟ್ಟುಹೋದ ವಸ್ತುವಿಗೆ ಮನೆಯ ವಸ್ತುವಿಗಿಂತ ಒಂದು ತುತ್ತು ಹೆಚ್ಚು ಹಾಕಬೇಕು ಎಂದು ನನ್ನ ಅತ್ತೆ ನನಗೆ ಕಲಿಸಿದ್ದರು. ಮೊದಮೊದಲು ನೀನು ಹಾಕುತ್ತಿದ್ದಂತೆ ಕಾಲುವೆ ಬದುವಿನ ಕರಕಿ ಹುಲ್ಲನ್ನೇ ಹಾಕಿದೆ. ತಿಂದುಕೊಂಡು, ಕಿವಿ ಒರೆಸಿಕೊಂಡು, ತನ್ನಷ್ಟಕ್ಕೆ ತಾನು ಇತ್ತು. ಮೊಹರಮ್ ಕಳೆದ ಮೇಲೆ ಬುರ್ಹಾನುದ್ದೀನ್ ಪ್ರತಿ ಶುಕ್ರವಾರ ಬರುವಾಗ ಕುದುರೆ ಮಸಾಲೆ ಸೊಪ್ಪಿನ ಕಟ್ಟು ತರತೊಡಗಿದ. ಹಸಿರು ಎಲೆ, ನೀಲಿ ಹೂವು, ನೋಡಿದರೆ ನಮಗೇ ಪಲ್ಯ ಮಾಡಿಕೊಳ್ಳಬೇಕು ಅನಿಸಬೇಕು. “ಅಮ್ಮಾ, ರಾಯಚೂರ ಟಾಂಗಾದ ಕುದುರಿ ತಿನ್ನೋ ಮಾಲು ಇದು. ನಿನ್ನ ಮೊಲ ಹುಲಿ ಆಗ್ತದ ನೋಡು” ಎಂದ. ನಾನೂ ಹಿಗ್ಗಿದೆ. ಟಾಂಗಾದವರ ಮನೆ ನಮ್ಮದು. ನಮ್ಮ ಕಣ್ಣಿಗೆ ಕುದುರೆಗಿಂತ ದೊಡ್ಡ ಅತಿಥಿ ಇಲ್ಲ, ಮಸಾಲೆಗಿಂತ ದೊಡ್ಡ ಊಟ ಇಲ್ಲ. ಮೊಮ್ಮಗಳ ಅಮಾನತ್ತಿಗೆ ಬದುವಿನ ಹುಲ್ಲು ಹಾಕಿ ಕುದುರೆಗೆ ಮಸಾಲೆ ಹಾಕಿದಳು ಎಂದು ನಾಳೆ ಯಾರೂ ಅನ್ನಬಾರದು ಎಂದುಕೊಂಡು, ಕರಕಿಯನ್ನು ಆಡಿಗೆ ಹಾಕಿ ಮೊಲಕ್ಕೆ ಮಸಾಲೆಯನ್ನೇ ಹಾಕಿದೆ. ಹೌದು, ಹಾಕಿದವಳು ನಾನೇ. ಮೂರು ತಿಂಗಳು, ಎರಡು ಹೊತ್ತು, ಈ ಕೈಯಿಂದಲೇ.

ಬತ್ತಾಸು ದಪ್ಪಗಾಯಿತು. ಓಣಿಯವರೆಲ್ಲ ಬಂದು ನೋಡಿದರು. ಆದರೆ ಒಂದು ದಿನ ಅಕ್ಬರಿ ಅಂಗಳದ ಕಲ್ಲಿನ ಮೇಲೆ ಬಿಳಿ ಕಲೆ ನೋಡಿ, “ಯಾರು ಇಲ್ಲಿ ಸುಣ್ಣ ಚೆಲ್ಲ್ಯಾರ? ಮದಿವಿ ಮನಿ ಏನು ಇದು?” ಎಂದು ಕೂಗಿದಳು. ಸುಣ್ಣವಲ್ಲ, ಮೊಲದ ಉಚ್ಚೆ. ಒಣಗಿದರೆ ಬಿಳಿ ಪುಡಿ ಉಳಿಯುತ್ತಿತ್ತು. ಮೊದಲು ಕಡಲೆಕಾಳಿನ ಹಾಗೆ ಗುಂಡಗೆ, ಒಣಗಿ ಬೀಳುತ್ತಿದ್ದ ಹಿಕ್ಕೆ ಈಗ ಮೆತ್ತಗಾಗಿ ಬಾಲದ ಕೆಳಗೆ ಅಂಟಿಕೊಳ್ಳತೊಡಗಿತು. ವಾಸನೆ ಬೇರೆ. ದಿನಾ ಬೆಳಿಗ್ಗೆ ಎದ್ದು ಕುದುರೆಯ ಲದ್ದಿ ನೋಡಿಯೇ ಅದರ ಆರೋಗ್ಯ ಹೇಳುವ ಮನೆ ನಮ್ಮದು. ಆದರೂ ಮೊಲದ ಹಿಕ್ಕೆ ಬಾಯಿಬಿಟ್ಟು ಹೇಳುತ್ತಿದ್ದದ್ದು ನಮ್ಮ ಕಿವಿಗೆ ಬೀಳಲಿಲ್ಲ. ಹಸಿರು ಜಾಸ್ತಿ ತಿಂದಿದೆ, ಇಳಿದುಹೋಗುತ್ತದೆ ಅಂದುಕೊಂಡೆವು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಒಂದು ಶುಕ್ರವಾರ ಬೆಳಗಿನ ನಮಾಜಿಗೆ ಎದ್ದ ನಿನ್ನ ತಾಯಿ, ಮೊಲ ಬಗ್ಗಿ ತನ್ನ ಹಿಂದಿನಿಂದಲೇ ಏನನ್ನೋ ಬಾಯಿಗೆ ತೆಗೆದುಕೊಂಡದ್ದು ನೋಡಿಬಿಟ್ಟಳು. “ಯಾ ಅಲ್ಲಾ, ತನ್ನದು ತಾನ ತಿನ್ನಾಕತ್ತದ! ನಾಪಾಕ್ ಪ್ರಾಣಿ ಇದು, ಅಡಗಿಮನಿ ಕಡಿ ಬಿಡಬ್ಯಾಡ್ರಿ” ಎಂದು ಮನೆಯೆಲ್ಲ ಎಬ್ಬಿಸಿದಳು. ಚಪ್ಪಲಿ ಪೆಟ್ಟಿಗೆಯ ರಟ್ಟನ್ನು ದುಂಡಗೆ ಕತ್ತರಿಸಿ ಕೊರಳಿಗೆ ಹಾಕಿದರೆ ಬಗ್ಗಲು ಬರುವುದಿಲ್ಲ ಎಂಬ ಉಪಾಯ ಬುರ್ಹಾನುದ್ದೀನನದು. ಅಂಚಿಗೆ ಬಟ್ಟೆ ಹೊಲಿದವಳು ನಾನು. ಎಷ್ಟು ಚಂದ ಹೊಲಿದಿದ್ದೆ ಗೊತ್ತೇ, ಮದುಮಗನ ಕಾಲರಿನ ಹಾಗೆ. ಅಯ್ಯೋ ನನ್ನ ಬುದ್ಧಿಯೇ! ಆಕಳು ಮೆಲುಕು ಹಾಕಿದರೆ ಯಾರಾದರೂ ನಾಪಾಕ್ ಅನ್ನುತ್ತಾರೆಯೇ? ಮೊಲಕ್ಕೂ ಒಂದು ಮೆಲುಕು ಇದೆ, ಅದು ಬರುವ ದಾರಿ ಬೇರೆ, ಅಷ್ಟೇ. ಒಣ ಗುಂಡು ಹೊರಗೆ ಬಿಡುವುದಕ್ಕೆ, ಬೆಳಗಿನ ಮೆತ್ತನೆಯ ಗೊಂಚಲು ಮತ್ತೆ ಹೊಟ್ಟೆಗೆ ಹಾಕಿಕೊಳ್ಳುವುದಕ್ಕೆ. ಅದನ್ನು ತಪ್ಪಿಸಿದರೆ ತಿಂದದ್ದರ ಸಾರ ಹೊರಗೇ ಹೋಯಿತು. ಇದೆಲ್ಲ ಈಗ ಗೊತ್ತು. ಆಗ ನಾವು ಮೂವರು ದೊಡ್ಡವರು ಸೇರಿ ಒಂದು ಮೊಲಕ್ಕೆ ಶುಚಿತ್ವ ಕಲಿಸುತ್ತಿದ್ದೆವು.

ಎಂಟನೆಯ ದಿನ ಬತ್ತಾಸು ತಿನ್ನುವುದನ್ನು ಬಿಟ್ಟಿತು. ಜನವರಿಯ ಮೂರನೆಯ ಶುಕ್ರವಾರ ಅದು. ಹಿಕ್ಕೆ ಇಲ್ಲ, ಓಡಾಟ ಇಲ್ಲ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. ಹೊಟ್ಟೆ ಮುಟ್ಟಿದರೆ ಬಾರಿಸಲು ಕಾಸಿದ ಹಲಗೆಯ ಹಾಗೆ ಬಿಗಿ. ಬುರ್ಹಾನುದ್ದೀನ್ ಇನ್ನೂ ಎಳೆಯ ಮಸಾಲೆ ತಂದು ಮುಂದಿಟ್ಟ, ಬೆಲ್ಲ ಇಟ್ಟ, ಅದು ಮೂಗು ತಿರುಗಿಸಿತು. ಜುಮ್ಮಾ ನಮಾಜು ಮುಗಿಸಿ ಬಂದವನೇ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಅಮ್ಮಾ, ಇದು ಉಳಿಯಂಗಿಲ್ಲ. ಜೀವ ಇದ್ದಾಗ ಹಲಾಲ್ ಮಾಡಿಬಿಡೂಣು. ತಾನಾಗೇ ಸತ್ತು ಮುರ್ದಾರ್ ಆದ್ರ ಯಾರಿಗೂ ಬರಂಗಿಲ್ಲ, ಪ್ರಾಣಿಗೂ ಸಂಕಟ” ಎಂದ. ಅವನು ಕೆಟ್ಟದ್ದು ಹೇಳಲಿಲ್ಲ, ಅನ್ವರಿ. ನಮ್ಮ ಮಂದಿಯಲ್ಲಿ ಕಾಯಿಲೆಯ ಆಡಿಗೆ, ಕೋಳಿಗೆ ಹಾಗೆಯೇ ಮಾಡುತ್ತೇವೆ. ನಿನ್ನ ಅಪ್ಪ ಎಂದಿನಂತೆ ತಮ್ಮನ ಕಡೆಗೂ ನನ್ನ ಕಡೆಗೂ ಒಂದೊಂದು ಸಲ ತಲೆಯಾಡಿಸಿದ. ಬುರ್ಹಾನುದ್ದೀನ್ ಮಸೆಯುವ ಕಲ್ಲಿಗೆ ನೀರು ಚಿಮುಕಿಸಿದ.

ಆಗ ನಾನು ಏನು ಮಾಡಿದೆ ಗೊತ್ತೇ? ಅವನು ಕಲ್ಲಿನ ಕಡೆ ತಿರುಗಿದಾಗ ಚೂರಿಯನ್ನು ಎತ್ತಿ ಕೌದಿಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟೆ. ಮಡಿಲಲ್ಲಿ ಮೊಲ, ಕೆಳಗೆ ಚೂರಿ. “ಏಳಮ್ಮಾ, ಹುಡುಗಾಟ ಮಾಡಬ್ಯಾಡ” ಎಂದ. “ಏನಲೇ, ಹುಡುಗಾಟ ಆಡೋ ವಯಸ್ಸೇನ ನಂದು? ಇದು ನನ್ನ ಮೊಲ ಅಲ್ಲ, ನಿನ್ನ ಮೊಲ ಅಲ್ಲ. ಮತ್ತೊಬ್ಬರ ಅಮಾನತ್ತಿಗೆ ಚೂರಿ ಇಡಾಕ ನಿನಗ ಯಾರು ಹುಕುಂ ಕೊಟ್ಟಾರ? ನಾಳಿ ಸಂಜಿ ಅಸರ್ ನಮಾಜಿನತನ ಟೈಮ್ ಕೊಡು. ಅಷ್ಟರಾಗ ಒಂದು ಹಿಕ್ಕಿ ಬೀಳಲಿಲ್ಲ ಅಂದ್ರ ನಾನ ಹಿಡಕೊಂಡು ಕೊಡ್ತೀನಿ” ಎಂದೆ. ಅರವತ್ತೆಂಟು ವರ್ಷದ ಮುದುಕಿಯನ್ನು ಚೂರಿಯ ಮೇಲಿಂದ ಎಬ್ಬಿಸುವ ಮಗ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಿದ್ದರೂ ನಾನೇ ಹೆರಬೇಕಿತ್ತಲ್ಲ.

ಹಾಗೆ ಹೇಳಿಬಿಟ್ಟೆ, ಆದರೆ ಏನು ಮಾಡಬೇಕೆಂದು ನನಗೂ ಹೊಳೆದಿರಲಿಲ್ಲ. ಮೊದಲು ಕೊರಳಿನ ಆ ರಟ್ಟು ಬಿಚ್ಚಿ ಒಲೆಗೆ ಎಸೆದೆ. ಬಟ್ಟೆಯ ಚುಂಗಿನಿಂದ ನೀರು ಹನಿಹನಿ ಬಾಯಿಗೆ ಬಿಟ್ಟೆ. ಹೊಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ನೀವುತ್ತ ಕೂತೆ. ಹಾಗೆ ನೀವುವಾಗ ನಿನ್ನ ದಾದಾ ದಸ್ತಗೀರ್ ಸಾಬ್ ನೆನಪಾದರು. ನೀನು ಅವರನ್ನು ನೋಡಿಲ್ಲ. ಒಂದು ವರ್ಷ ಮಲ್ಲಟದ ರಸ್ತೆಯಲ್ಲಿ ಅವರ ಕುದುರೆ ಬಿದ್ದು ಕಾಲು ಉಳುಕಿ, ಹತ್ತು ದಿನ ಕಟ್ಟಿದಲ್ಲೇ ನಿಂತಿತ್ತು. ಆ ಹತ್ತು ದಿನವೂ ಅವರು ಅದಕ್ಕೆ ಒಂದು ಎಸಳು ಮಸಾಲೆ ಹಾಕಲಿಲ್ಲ. ಬರೀ ಒಣ ಹುಲ್ಲು. ಓಣಿಯವರು, “ದಸ್ತಗೀರ್ ಸಾಬ್, ಬಿದ್ದ ಕುದುರಿನ ಉಪವಾಸ ಕೆಡವ್ತೀರೇನ್ರಿ?” ಎಂದು ಆಡಿಕೊಂಡರು. ನಾನೂ ಜಗಳ ಮಾಡಿದ್ದೆ. ಅವರು ಬೀಡಿ ಬಾಯಿಂದ ತೆಗೆಯದೆ, “ದುಡಿಯೋ ಕಾಲಿಗೆ ಮಸಾಲಿ, ಕೂತ ಹೊಟ್ಟಿಗೆ ಹುಲ್ಲು. ನಿಂತ ಕುದುರಿಗೆ ಮಸಾಲಿ ಹಾಕಿದ್ರ ಅದು ಮತ್ತ ನಡಿಯಂಗಿಲ್ಲ ನೋಡು” ಎಂದಿದ್ದರು. ಹನ್ನೊಂದನೆಯ ದಿನ ಕುದುರೆ ನಡೆಯಿತು. ಮೂವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿ, ಆ ಮಾತನ್ನೇ ಮರೆತು, ಚಹಾಪೆಟ್ಟಿಗೆಯಲ್ಲಿ ಹಗಲೆಲ್ಲ ಕೂತಿರುವ ಪ್ರಾಣಿಗೆ ಆರು ಜನರನ್ನು ಎಳೆಯುವ ಕುದುರೆಯ ಊಟ ಹಾಕಿದ್ದೆನಲ್ಲ! ಅವರು ಬದುಕಿದ್ದರೆ ಬೀಡಿ ಬಾಯಿಂದ ತೆಗೆದು ಬೈಯುತ್ತಿದ್ದರು.

ದಾರಿ ಸಿಕ್ಕಿತು, ಹುಲ್ಲು ಸಿಗಬೇಕಿತ್ತು. ಹಟ್ಟಿಯಲ್ಲಿದ್ದ ಭತ್ತದ ಹುಲ್ಲು ಮುಂದಿಟ್ಟೆ, ಮೂಸಿ ಬಿಟ್ಟಿತು. ಸರಿಯೇ, ಅದರ ಅಂಚು ನನ್ನ ಕೈಯನ್ನೇ ಗೀರುತ್ತದೆ, ಅದರಲ್ಲಿ ರುಚಿ ಎಲ್ಲಿದೆ? ಕೆಳಗೆ ಹಾಸಲು ಮಾತ್ರ ಯೋಗ್ಯ. ಜೋಳದ ಕಣಿಕೆಯ ಎಲೆ ಇಟ್ಟೆ, ಅದು ಬೆತ್ತದ ಹಾಗೆ ಒರಟು. ಬುರ್ಹಾನುದ್ದೀನ್ ಒಂದು ಮೊರ ಶೇಂಗಾ ಹೊಟ್ಟು ತಂದ. ಅದು ಮಸಾಲೆಯ ತಂಗಿ, ಕಾಳಿನ ಜಾತಿ, ಹೊಟ್ಟೆಯಲ್ಲಿ ಮತ್ತೆ ಅದೇ ಜಗಳ ಹಚ್ಚುತ್ತದೆ ಎಂದು ನಾನೇ ಬೇಡ ಅಂದೆ. ಬೇಕಿದ್ದದ್ದು ನೆರಳಲ್ಲಿ ಒಣಗಿಸಿದ ನವಿರು ಕರಕಿ. ಕಾಲುವೆಗೆ ಹೋಗಿ ಕೊಯ್ದು ತರಬಹುದಿತ್ತು, ಆದರೆ ಉಬ್ಬಿದ ಹೊಟ್ಟೆಗೆ ಹಸಿ ಹುಲ್ಲು ಹಾಕಲು ಧೈರ್ಯ ಬರಲಿಲ್ಲ. ಒಣಗಿಸೋಣ ಎಂದರೆ ಮೂರು ದಿನ ಬೇಕು, ನನ್ನ ಹತ್ತಿರ ಒಂದೇ ದಿನ ಇತ್ತು. ಆಗ ಪಕ್ಕದ ಮನೆಯ ಮುನ್ನೀ ಬೀ ನೆನಪಾದಳು. ಅವಳು ಹಳ್ಳಿಹಳ್ಳಿಗೆ ಬಳೆ ಹೊತ್ತು ಮಾರುವವಳು. ಬಳೆ ಒಡೆಯಬಾರದೆಂದು ಪೆಟ್ಟಿಗೆಯಲ್ಲಿ ಏನು ಹಾಸುತ್ತಾಳೆ? ಚೀಕಲಪರ್ವಿಯ ಹೊಳೆದಂಡೆಯ ಕರಕಿಯನ್ನೇ! ಕೊಯ್ದು, ನೆರಳಲ್ಲಿ ಒಣಗಿಸಿ, ಮೆತ್ತೆ ಮಾಡುತ್ತಾಳೆ. ನಾನು ಹುಡುಗಿಯಾಗಿದ್ದಾಗ ಕೊಯ್ಯುತ್ತಿದ್ದ ಅದೇ ದಂಡೆ.

ಮೊಲವನ್ನೂ ಚೂರಿಯನ್ನೂ ಸೆರಗಿನಲ್ಲಿ ಸುತ್ತಿಕೊಂಡೇ ಅವಳ ಮನೆಗೆ ಹೋದೆ, ಬಿಟ್ಟುಹೋದರೆ ಇವರನ್ನು ನಂಬುವುದು ಹೇಗೆ? ಮುನ್ನೀ ಬೀ ನನ್ನನ್ನು ನೋಡಿ, “ಏನ ಹೀರಾಬಿ, ಈ ವಯಸ್ನ್ಯಾಗ ಬಳಿ ತೊಡಬೇಕಂತ ಆಸಿ ಆಯ್ತೇನ?” ಎಂದು ಹಲ್ಲು ಬಿಟ್ಟಳು. “ಬಳಿ ನೀನ ಇಟಗೊ, ಅದರ ಕೆಳಗಿಂದು ಕೊಡು” ಎಂದೆ. ಅವಳು ಪಾಪ, ಎರಡು ಪೆಟ್ಟಿಗೆ ಬರಿದು ಮಾಡಿ ಮಡಿಲು ತುಂಬ ಕೊಟ್ಟಳು. ಮೂಸಿ ನೋಡಿದೆ. ಬೂಷ್ಟಿನ ವಾಸನೆ ಇರಲಿಲ್ಲ, ಇನ್ನೂ ಹಸಿರು ಬಣ್ಣ ಉಳಿದಿತ್ತು.

ಈಗ ನಿನ್ನ ಚಾಚಾ ಬರೆದದ್ದಕ್ಕೆ ಉತ್ತರ ಬರೆಯುತ್ತೇನೆ, ಕಣ್ಣು ಬಿಟ್ಟು ಓದು. ಆ ಹುಲ್ಲನ್ನು ನಾನು ಹಾಗೆಯೇ ಹಾಕಲಿಲ್ಲ. ಅಂಗಳದ ಬಿಸಿಲಿನಲ್ಲಿ ನಿನ್ನ ದಾದಾನ ಬಿಳಿ ಪಂಚೆ ಹಾಸಿ, ಒಂದೊಂದೇ ಎಳೆಯನ್ನು ಬೆರಳ ನಡುವೆ ಎಳೆದು ನೋಡಿದೆ. ಸೂರ್ಯ ಮುಳುಗುವವರೆಗೆ ಅದೇ ಕೆಲಸ. ಗಾಜಿನ ಚೂರು ಮೂರು ಸಿಕ್ಕವು, ಎರಡು ಹಸಿರು, ಒಂದು ಕೆಂಪು. ಮೂರೂ ನನ್ನ ಬೆರಳಿಗೇ ಸಿಕ್ಕವು, ಅದರ ನಾಲಿಗೆಗಲ್ಲ. ಬೆರಳ ಗಾಯ ಇನ್ನೂ ಪೂರ್ತಿ ಮಾಯಲಿಲ್ಲ, ಅದಕ್ಕೇ ಈ ಕಾಗದದಲ್ಲಿ ಅಕ್ಷರ ಸೊಟ್ಟ ಬಿದ್ದಿವೆ. ಬುರ್ಹಾನುದ್ದೀನ್ ಎದುರಿಗೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ್ದಾನೆ. ‘ಬಳೆಪೆಟ್ಟಿಗೆಯ ಹುಲ್ಲು’ ಎಂದು ಬರೆಯಲು ಅವನ ಪೆನ್ನಿನಲ್ಲಿ ಮಸಿ ಇತ್ತು, ‘ಆರಿಸಿದ ಹುಲ್ಲು’ ಎಂದು ಬರೆಯುವಷ್ಟರಲ್ಲಿ ಮುಗಿದುಹೋಯಿತೇನು?

ಸಂಜೆ ತಿನ್ನಲಿಲ್ಲ. ನೀರು ಮಾತ್ರ ಕುಡಿಯಿತು. ನಾನು ಹೆದರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಗಿನ ಬಾಂಗ್ ಆಗುವ ಹೊತ್ತಿಗೆ ಮಡಿಲಲ್ಲಿ ಕರ ಕರ ಎಂದು ಸದ್ದು. ನೋಡಿದರೆ ಬಾಯಲ್ಲಿ ಒಂದು ಎಳೆ ಕರಕಿ. ತುದಿ ಹೊರಗೆ ಆಡುತ್ತಿದೆ, ಮೆಲ್ಲಗೆ ಒಳಗೆ ಹೋಗುತ್ತಿದೆ, ನಿನ್ನ ಅಪ್ಪ ಸೇವಿಗೆ ಎಳೆಯುವ ಹಾಗೆ. ಎರಡನೆಯ ಎಳೆ, ಮೂರನೆಯದು. ಆ ಒಣ ಎಳೆಗಳು ಕಸಬರಿಗೆ ಇದ್ದ ಹಾಗೆ, ಮಗಾ, ಹೊಟ್ಟೆಯಲ್ಲಿ ನಿಂತದ್ದನ್ನೆಲ್ಲ ಮುಂದೆ ತಳ್ಳುತ್ತವೆ. ಅರೆದು ಅರೆದು ಹಲ್ಲೂ ಸವೆಯುತ್ತದೆ, ಇಲ್ಲದಿದ್ದರೆ ಮೊಲದ ಹಲ್ಲು ಬೆಳೆಯುತ್ತಲೇ ಹೋಗುತ್ತದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನನ್ನ ಸೀರೆಯ ಮೇಲೆ ಒಂದು ಹಿಕ್ಕೆ ಬಿತ್ತು. ಸಣ್ಣದು, ಕರ್ರಗೆ, ಮೆಣಸಿನ ಕಾಳಿನಷ್ಟು. ಅದನ್ನು ಅಂಗೈಯಲ್ಲಿಟ್ಟುಕೊಂಡು ಎದ್ದು ಹೋಗಿ, ಊಟಕ್ಕೆ ಕೂತಿದ್ದ ಬುರ್ಹಾನುದ್ದೀನನ ಮೂಗಿನ ಮುಂದೆ ಹಿಡಿದೆ. “ನೋಡಲೇ, ಹೈದರಾಬಾದಿನ ಮುತ್ತು!” ಅವನು ತಾಟು ಸರಿಸಿ, “ಅಮ್ಮಾ, ಉಣ್ಣಾಕತ್ತೀನಿ!” ಎಂದು ಕೂಗಿದ. “ಉಣ್ಣು, ಅದೂ ಉಣ್ಣಾಕತ್ತದ” ಎಂದೆ. ಸಂಜೆಯೊಳಗೆ ಹನ್ನೊಂದು ಮುತ್ತು ಬಿದ್ದವು. ಚೂರಿಯನ್ನು ಅಸರ್ ನಮಾಜಿನ ಹೊತ್ತಿಗೆ ಸರಿಯಾಗಿ ಅವನ ಕೈಗೆ ಕೊಟ್ಟೆ, ಈರುಳ್ಳಿ ಹೆಚ್ಚಿಕೋ ಎಂದು.

ಇದಾಗಿ ಇವತ್ತಿಗೆ ನಾಲ್ಕು ವಾರ ದಾಟಿದೆ. ಈಗ ಬತ್ತಾಸುವಿಗೆ ದಿನಾ ಅದರ ಮೈಯಷ್ಟೇ ದೊಡ್ಡ ಗುಡ್ಡೆ ಕರಕಿ. ನಾನೇ ಕುಡುಗೋಲು ತೆಗೆದುಕೊಂಡು ಹೋಗುತ್ತೇನೆ, ಬೇವಿನ ನೆರಳಲ್ಲಿ ಒಣಗಿಸುತ್ತೇನೆ, ಸುಡುಬಿಸಿಲಿಗೆ ಹಾಕುವುದಿಲ್ಲ, ಇಬ್ಬನಿ ತಾಗಿ ಬೂಷ್ಟು ಹಿಡಿದದ್ದನ್ನು ಆಡಿಗೂ ಹಾಕುವುದಿಲ್ಲ. ಮಸಾಲೆ ಶುಕ್ರವಾರ ಒಂದೇ ಕಡ್ಡಿ, ಹಬ್ಬದ ಪಾಯಸದ ಹಾಗೆ. ಬೆಲ್ಲ ಇಲ್ಲ, ರೊಟ್ಟಿ ಚೂರೂ ಇಲ್ಲ. ಅಂಗಳದಲ್ಲಿ ಸುಣ್ಣದ ಕಲೆ ನಿಂತಿದೆ, ಬಾಲ ಒಣಗಿದೆ, ವಾಸನೆ ಇಲ್ಲ. ಬೆಳಿಗ್ಗೆ ಅದು ತನ್ನ ಮೆಲುಕು ಹಾಕುವ ಹೊತ್ತಿಗೆ ನಾನು ಸೆರಗು ಅಡ್ಡ ಹಿಡಿಯುತ್ತೇನೆ. ನಿನ್ನ ತಾಯಿಯ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೂ ಒಂದು ಪರದೆ ಇರಲಿ. ಅದರ ಪಾಕ್, ನಾಪಾಕ್ ಅದನ್ನು ಹುಟ್ಟಿಸಿದವನಿಗೆ ಬಿಟ್ಟದ್ದು.

ಇಷ್ಟೆಲ್ಲ ಆದ ಮೇಲೆ ನಿನ್ನ ಚಾಚಾ ಏನಂದ ಗೊತ್ತೇ? “ತಾನಾಗೇ ಆರಾಮಾಗಿರಬೇಕು ಬಿಡಮ್ಮಾ. ನನ್ನ ಗೋದಾಮಿನ್ಯಾಗ ಹನ್ನೆರಡು ತರದ ಮೇವು ಅದಾವ, ಅನ್ವರಿಗೆ ಬರೀತೀನಿ, ನಾನ ಒಯ್ದು ಸಾಕ್ತೀನಿ.” ಅವನಿಗೆ ನಿನ್ನ ಮೇಲೆ ಪ್ರೀತಿ ಇದೆ, ಮೊಲದ ಮೇಲೂ ಇದೆ, ಅದರಲ್ಲಿ ಅನುಮಾನವಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಮೇವಿನ ಕಟ್ಟು ಹೊತ್ತು ತಂದವನು. ಆದರೆ ಅವನ ಆ ಹನ್ನೆರಡು ತರದ ಮೇವೇ ನನಗೆ ಭಯ. ಹನ್ನೆರಡು ಇದ್ದವನು ಹನ್ನೆರಡನ್ನೂ ಹಾಕಿ ನೋಡುತ್ತಾನೆ. ಅಂಗಡಿ ಇಟ್ಟವನ ಕೈ ಸುಮ್ಮನೆ ಇರುವುದಿಲ್ಲ. ಇವತ್ತು ಇದು, ನಾಳೆ ಅದು ಎಂದರೆ ಮನುಷ್ಯರ ಹೊಟ್ಟೆಯೇ ತಿರುಗುತ್ತದೆ. ಮೊಲದ ಹೊಟ್ಟೆಗೆ ಒಂದೇ ಮಾತು, ಒಂದೇ ಹುಲ್ಲು, ದಿನಾ ಅದೇ ಇರಬೇಕು. ತಪ್ಪು ಮಾಡಿದವಳು ನಾನು, ಒಪ್ಪಿದೆ. ಆದರೆ ತಪ್ಪು ಮಾಡಿ ಕಲಿತವಳ ಕೈಯಿಂದ ಕಿತ್ತು, ತಪ್ಪು ಮಾಡಿಯೂ ಕಲಿಯದವನ ಕೈಗೆ ಕೊಡು ಅನ್ನುತ್ತೀಯಲ್ಲ, ಇದು ಯಾವ ತರಬೇತಿಯಲ್ಲಿ ಹೇಳಿಕೊಟ್ಟ ನ್ಯಾಯ? ನಾಳೆ ಮಕ್ಕಳಿಗೆ ಪಾಠ ಹೇಳುವಾಗ ಒಂದು ಸಲ ತಪ್ಪು ಬರೆದ ಹುಡುಗಿಯನ್ನು ಸಾಲೆಯಿಂದ ಹೊರಗೆ ಹಾಕುತ್ತೀಯೇನು? ಮೊನ್ನೆ ಶುಕ್ರವಾರ ಅವನು ಬುಟ್ಟಿ ಹಿಡಿದುಕೊಂಡು ಮೊಲ ಒಯ್ಯಲು ಬಂದಿದ್ದ. ಬರಿ ಬುಟ್ಟಿಯೊಂದಿಗೆ ಹಿಂದಕ್ಕೆ ಕಳಿಸಿದೆ. ಹೇಗೆ ಕಳಿಸಿದೆ ಎಂಬುದನ್ನು ಜಾಗ ಉಳಿದರೆ ಕೊನೆಯಲ್ಲಿ ಬರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಜೆಗೆ ಬರುವಾಗ ಗಬ್ಬೂರಿನಲ್ಲಿ ಬಸ್ಸು ನಿಂತರೆ ಇಳಿದು ಮಿರ್ಚಿ ತಿನ್ನಬೇಡ, ಆಮೇಲೆ ರಾಯಚೂರಿನವರೆಗೆ ಕಿಟಕಿಯಿಂದ ತಲೆ ಹೊರಗೆ ಹಾಕುತ್ತೀಯ. ರಾಯಚೂರಿನಲ್ಲಿ ಚಾಚಾನ ಮನೆಯಲ್ಲಿ ಚಹಾ ಕುಡಿ, ಉಳಿಯಬೇಡ, ಮುಂದಿನ ಬಸ್ಸಿಗೇ ಮಾನ್ವಿಗೆ ಬಾ. ನಿನ್ನ ಅಮಾನತ್ ಎಲ್ಲಿ ಇರುತ್ತದೋ ನಿನ್ನ ಕಾಲು ಅಲ್ಲಿಗೇ ಬರುತ್ತದೆ ಎಂದು ನನಗೂ ಗೊತ್ತು, ನಿನ್ನ ಚಾಚಾನಿಗೂ ಗೊತ್ತು. ಅಪ್ಪ, ಅಮ್ಮ ಇಬ್ಬರೂ ದುವಾ ಹೇಳಿದ್ದಾರೆ. ಮುನ್ನೀ ಬೀ ನಿನಗೆಂದು ಹಸಿರು ಬಳೆ ತೆಗೆದಿಟ್ಟಿದ್ದಾಳೆ, ಈಗ ಅವುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಇಡುತ್ತಾಳೆ, ಹುಲ್ಲೆಲ್ಲ ನಾನು ತಂದುಬಿಟ್ಟೆನಲ್ಲ. ಅಲ್ಲಾಹ್ ನಿನ್ನ ಮೈಗೆ ಬಲ, ತಲೆಗೆ ಬುದ್ಧಿ, ದಾದಿಯ ಮೇಲೆ ನಂಬಿಕೆ ಕೊಡಲಿ.

ನಿನ್ನ ದಾದಿ,
ಹೀರಾಬಿ

ಮರೆತೆ. ಶುಕ್ರವಾರ ಬುರ್ಹಾನುದ್ದೀನನಿಗೆ ನಾನು ಒಂದು ಮಾತು ಹೇಳಿದ್ದೇನೆ. “ಅನ್ವರಿ ಕಾಗದ ಬಂದದ. ಮೊಲ ದಾದಿ ಹತ್ರಾನ ಇರ್ಲಿ, ಆಕಿಗೇ ತಿಳಿತದ ಅಂತ ಬರದಾಳ” ಎಂದೆ. ತೋರಿಸು ಅಂದ. ಜೋಳ ತುಂಬುವ ಗುಮ್ಮಿಯಲ್ಲಿ ಬಿದ್ದಿದೆ, ಹುಡುಕಿ ಇಡುತ್ತೇನೆ ಅಂದೆ. ಅಂಥ ಕಾಗದ ನೀನು ಬರೆದಿಲ್ಲ ಎಂದು ನನಗೆ ಗೊತ್ತು. ಬರೆದ ಕಾಗದ ಗುಮ್ಮಿಯ ತಳದಲ್ಲಿದೆ, ಅಲ್ಲಿಯೇ ಇರುತ್ತದೆ. ಬರುವ ಶುಕ್ರವಾರ ಅವನಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲವಂತೆ, ಮಾರ್ಚ್ ಎರಡನೆಯ ತಾರೀಖು ಶುಕ್ರವಾರ ಮತ್ತೆ ಬುಟ್ಟಿ ತರುತ್ತಾನೆ, ತನ್ನ ಕಣ್ಣಿನಿಂದಲೇ ಓದುತ್ತಾನಂತೆ. ಆದ್ದರಿಂದ ನಾನು ಹೇಳಿದ ಹಾಗೆ ಒಂದು ಕಾಗದ ಬರೆ. ಒಳಗೆ ಫೆಬ್ರವರಿ ಹದಿಮೂರು ಎಂದು ತಾರೀಖು ಹಾಕು. ಕಾರ್ಡಿನಲ್ಲಿ ಬರೆಯಬೇಡ, ಇನ್‌ಲ್ಯಾಂಡೂ ಬೇಡ, ಮೊಹರು ಅದರ ಮೇಲೆಯೇ ಬೀಳುತ್ತದೆ. ಲಕೋಟೆಯಲ್ಲಿ ಹಾಕು, ಲಕೋಟೆಯನ್ನು ನಾನು ಒಲೆಗೆ ಹಾಕುತ್ತೇನೆ. ‘ನೀವು’ ಎಂದು ಬರೆದರೆ ಕಾಗದವನ್ನೂ ಹಾಕುತ್ತೇನೆ. ಇಷ್ಟೆಲ್ಲ ಓದಿದ ಮೇಲೂ ಚಾಚಾನೇ ತಿಳಿದವನು ಎಂದು ನಿನಗೆ ಅನಿಸಿದರೆ, ಹಾಗೆಂದೇ ಬರೆ, ನಾನೇ ಬುಟ್ಟಿಗೆ ಕರಕಿ ಹಾಸಿ ಬತ್ತಾಸುವನ್ನು ಕೂರಿಸಿ ಕೊಡುತ್ತೇನೆ. ಆದರೆ ನಿನಗೆ ಹಾಗೆ ಅನಿಸುವುದಿಲ್ಲ. ವಾರ್ಡನ್ ಬಾಯಿ, ನೀವೂ ಇದನ್ನು ಓದಿದ್ದೀರಿ, ಆದ್ದರಿಂದ ಈ ಸುಳ್ಳಿನಲ್ಲಿ ನಿಮಗೂ ಪಾಲು ಇದೆ, ಹುಡುಗಿಗೆ ಒಂದು ಲಕೋಟೆ ಕೊಡಿ. ಈ ವರ್ಷ ಫೆಬ್ರವರಿಗೆ ಒಂದು ದಿನ ಹೆಚ್ಚು ಎಂದು ಕಾಲ ತಳ್ಳಬೇಡ, ಅನ್ವರೀ. ಮಾರ್ಚ್ ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿ ಇರಬೇಕು.